ಹಳ್ಳದ ನೀರುನುಸಿಗೆ ಡಿಎನ್‌ಎ ಬಾರ್‌ಕೋಡ್: ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಶಿರಸಿ, ಕುಮಟಾ ಕಡೆಯ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಹವ್ಯಾಸಿ ಪ್ರಕೃತಿ ವೀಕ್ಷಕರು, ನೀರುನುಸಿಯನ್ನು ಹಿಡಿದು ಅದರ ಡಿಎನ್‌ಎಯ ಒಂದು ತುಂಡು (ಬಾರ್‌ಕೋಡ್) ಓದಿ ಗುರುತಿಸುವ ಬಗ್ಗೆ ಕೇಳುವ ಪ್ರಶ್ನೆಗಳಿವು. ಪ್ರಯೋಗಾಲಯದ ಕೆಲಸ ಮಾಡದವರು ಬಲೆ, ಆಲ್ಕೋಹಾಲ್, ಚೀಟಿಯ ಪ್ರಶ್ನೆಗಳನ್ನು ಮಾತ್ರ ಓದಿದರೂ ಸಾಕು. ಅರ್ಧಕ್ಕರ್ಧ ಮಾದರಿಗಳು ಕೆಡುವುದು ಅಲ್ಲೇ.

ನೀರುನುಸಿ ಎಂದರೆ ಯಾವುದು? ತೋಟದ ನುಸಿಯೇನಾ?

ನುಸಿ ಎಂದೊಡನೆ ನಮ್ಮಲ್ಲಿ ತೆಂಗಿನಕಾಯಿಗೆ ಬೀಳುವ ನುಸಿ, ಅಡಿಕೆ ಸೋಗೆಯ ಕೆಂಪು ನುಸಿ ನೆನಪಾಗುತ್ತದೆ. ನೀರುನುಸಿಗಳು ಅದೇ ದೊಡ್ಡ ಬಳಗದವು, ಕವಲು ಬೇರೆ. ಮೊದಲ ಮಳೆಗೆ ನೆಲದ ಮೇಲೆ ಹರಿದಾಡುವ ಕೆಂಪು ಮಕಮಲ್ಲಿನ ಇಂದ್ರಗೋಪ ಇವುಗಳಿಗೆ ಹತ್ತಿರದ ಸಂಬಂಧಿ. ಜಗತ್ತಿನಲ್ಲಿ 6000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಹೆಚ್ಚಿನವು ಅರ್ಧ ಮಿ.ಮೀ.ನಿಂದ 2 ಮಿ.ಮೀ. ಒಳಗೆ. ಕೆರೆಯಲ್ಲಿ ಈಜುವ ಐಲೈಸ್, ಹೈಡ್ರಾಕ್ನಾಗಳಂಥವು ಸಾಸಿವೆ ಕಾಳಿಗಿಂತ ದೊಡ್ಡವಾಗಿ, ಬರಿಗಣ್ಣಿಗೇ ಕೆಂಪು ಚುಕ್ಕಿಯಂತೆ ಕಾಣುತ್ತವೆ.

ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು. ಅದು ಹಾರುವ ಕೀಟದ ಮೈಗೆ ಅಂಟಿಕೊಂಡು ರಸ ಹೀರುತ್ತದೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಡ್ರ್ಯಾಗನ್‌ಫ್ಲೈಗಳ ಹೊಟ್ಟೆಯ ಅಡಿಗೆ ಸಾಲಾಗಿ ಅಂಟಿರುವ ಕೆಂಪು ಮಣಿಗಳು ಸಾಮಾನ್ಯವಾಗಿ ಅರ್ರೆನ್ಯೂರಸ್ ನುಸಿಯ ಮರಿಗಳು. ಮುಂದಿನ ಹಂತದಲ್ಲಿ ಎಂಟು ಕಾಲು ಬಂದು, ನೀರಿಗಿಳಿದು ಬೇಟೆಗಾರನಾಗುತ್ತದೆ. ಸೊಳ್ಳೆ ಮರಿ, ಕೈರೊನೊಮಿಡ್ ನೊಣದ ಮರಿ, ಕೀಟಗಳ ಮೊಟ್ಟೆ ಅದರ ಆಹಾರ. ಮರಿಗೆ ಒಂದು ರೂಪ, ಬೆಳೆದದ್ದಕ್ಕೆ ಇನ್ನೊಂದು. ಎರಡೂ ಒಂದೇ ಪ್ರಭೇದ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಬಾರ್‌ಕೋಡಿನ ಒಂದು ದೊಡ್ಡ ಉಪಯೋಗ ಇಲ್ಲೇ ಇದೆ.

ಉಣುಗಿನ ಹಾಗೆ ಕಚ್ಚುತ್ತದೆಯೇ? ಮಂಗನ ಕಾಯಿಲೆ ಹರಡುತ್ತದೆಯೇ?

ಇಲ್ಲ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ, ಮುಖ್ಯವಾಗಿ ಹೀಮಾಫೈಸಾಲಿಸ್ ಕುಲದವುಗಳಿಂದ. ನೀರುನುಸಿಗೆ ಮನುಷ್ಯರ ರಕ್ತ ಬೇಡ. ಆದರೆ ನುಸಿ ಹಿಡಿಯಲು ಹಳ್ಳಕ್ಕೆ ಹೋಗುವ ದಾರಿಯಲ್ಲಿ ಉಣುಗು ಕಚ್ಚಬಹುದು. ಚಳಿಗಾಲದಿಂದ ಬೇಸಿಗೆಯವರೆಗೆ, ಅದರಲ್ಲೂ ಸಿದ್ದಾಪುರದ ಕಡೆ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಂಡೇ ಹೋಗಿ. ಹಳ್ಳಕ್ಕೆ ಇಳಿಯುವ ಮೊದಲು ಅಂಗೈ, ಬೆರಳುಗಳನ್ನು ಸೋಪಿನಿಂದ ತೊಳೆಯಿರಿ. ತೈಲದ ಕೈ ಟ್ರೇಯ ನೀರಿಗೆ ತಾಗಿದರೆ ನುಸಿಗಳು ಸತ್ತು ತಳ ಸೇರುತ್ತವೆ. ಅಲುಗಾಡದ ನುಸಿ ಕಣ್ಣಿಗೆ ಬೀಳುವುದಿಲ್ಲ.

ಸೂಕ್ಷ್ಮದರ್ಶಕ ಇರುವಾಗ ಬಾರ್‌ಕೋಡ್ ಏಕೆ?

ಹೆಣ್ಣುಗಳು, ಮರಿಗಳು, ಎಳೆಯವು ಪ್ರಭೇದದ ಮಟ್ಟದಲ್ಲಿ ಬಹಳ ಸಲ ಒಂದರಂತೆ ಒಂದು. ಅರ್ರೆನ್ಯೂರಸ್‌ನಲ್ಲಂತೂ ಗಂಡಿನ ಬಾಲದಂಥ ಹಿಂಭಾಗ ನೋಡಿ ಹೆಸರು ಹೇಳಬಹುದು, ಹೆಣ್ಣಿನ ಮುಂದೆ ಕೈಚೆಲ್ಲಬೇಕು. ಬಾರ್‌ಕೋಡ್ ಎಂದರೆ ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಸಿಒಐ ಎಂಬ ಜೀನಿನ ಸುಮಾರು 658 ಡಿಎನ್‌ಎ ಅಕ್ಷರಗಳ ತುಂಡು. ಪ್ರಾಣಿಗಳ ಗುರುತಿಗೆ ಇದನ್ನು ಬಳಸಬಹುದೆಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪೌಲ್ ಹೆಬರ್ಟ್ ತಂಡ 2003ರಲ್ಲಿ ಹೇಳಿತು. ಗಂಡು, ಹೆಣ್ಣು, ಮರಿ ಎಲ್ಲಕ್ಕೂ ತುಂಡು ಬಹುತೇಕ ಒಂದೇ ಆಗಿರುವುದರಿಂದ ಚೆದುರಿದ ಕುಟುಂಬ ಒಂದೆಡೆ ಸೇರುತ್ತದೆ.

ಆದರೆ ಒಂದು ಮಾತು: ಬಾರ್‌ಕೋಡ್ ಹೆಸರು ಹೇಳುವುದಿಲ್ಲ. ಹೆಸರು ಗೊತ್ತಿರುವ ಇನ್ನೊಂದು ಮಾದರಿಯ ಜೊತೆ ತಾಳೆ ನೋಡಿ ಹೇಳುತ್ತದೆ ಅಷ್ಟೇ. ಭಾರತದ ನೀರುನುಸಿಗಳ ಮಟ್ಟಿಗೆ ತಾಳೆ ನೋಡಲು ಸಿಗುವ ಮಾದರಿಗಳು ತೀರಾ ಕಡಿಮೆ. ಇಲ್ಲಿನ ನುಸಿಗಳ ವಿವರಣೆಗೆ ಇಂದಿಗೂ ತೆಗೆದು ನೋಡಬೇಕಾದದ್ದು ಡೇವಿಡ್ ಕುಕ್ 1967ರಲ್ಲಿ ಪ್ರಕಟಿಸಿದ ಕೃತಿ, ಮತ್ತು ಅದು ಪೂರ್ತಿ ಆಕಾರದ ಮೇಲೆ ನಿಂತದ್ದು. ಹಾಗಾಗಿ ನುಸಿಯ ಮೈ ಉಳಿಸದೆ ಡಿಎನ್‌ಎ ಮಾತ್ರ ತೆಗೆದರೆ, ಕೈಯಲ್ಲಿ ಉಳಿಯುವುದು ಯಾರ ಮನೆಯದೆಂದು ತಿಳಿಯದ ಬೀಗದ ಕೈ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹುಡುಕಬೇಕು?

ಘಟ್ಟದ ಮೇಲಿನ ಹರಿಯುವ ಹಳ್ಳಗಳಲ್ಲಿ, ಅಂದರೆ ಶಾಲ್ಮಲೆ, ಅಘನಾಶಿನಿಯ ಮೇಲ್ಭಾಗ, ಬೇಡ್ತಿಗೆ ಸೇರುವ ತೊರೆಗಳಲ್ಲಿ, ಜಲ್ಲಿ ಮತ್ತು ಪಾಚಿ ಹಿಡಿದ ಕಲ್ಲು ನೋಡಿ. ಟೊರೆಂಟಿಕೋಲಾದಂಥ ಚಪ್ಪಟೆ, ಗಟ್ಟಿ ಚಿಪ್ಪಿನ ನುಸಿಗಳು ಕಲ್ಲಿನ ಸಂದಿಯಲ್ಲಿ ಕಚ್ಚಿಕೊಂಡಿರುತ್ತವೆ. ಸಹಸ್ರಲಿಂಗದಲ್ಲಿ ಲಿಂಗ ಕೆತ್ತಿದ ಬಂಡೆಗಳ ಹತ್ತಿರ ಕಲ್ಲು ಮಗುಚಬೇಡಿ. ನೂರು ಮೀಟರ್ ಮೇಲೆ ಅಥವಾ ಕೆಳಗೆ ಹೋದರೆ ಅದೇ ಹೊಳೆ, ಅದೇ ಜಲ್ಲಿ.

ಅಡಿಕೆ ತೋಟದ ತಲೆಯಲ್ಲಿರುವ ಅಬ್ಬಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ವರ್ಷವಿಡೀ ತಣ್ಣಗೆ ಜಿನುಗುವ ಒರತೆಗಳಲ್ಲಿ, ಒದ್ದೆ ದರಕಿನ (ಉದುರಿದ ಎಲೆಗಳ) ಅಡಿಯಲ್ಲಿ ಬೇರೆಲ್ಲೂ ಸಿಗದ ನುಸಿಗಳಿರುವ ಸಾಧ್ಯತೆ ಹೆಚ್ಚು. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳ (ಜೌಗು ಕಾಡುಗಳ) ನೀರೂ ಹಾಗೆಯೇ. ಕೆರೆ, ಹೊಂಡಗಳಲ್ಲಿ ಜಲಸಸ್ಯದ ನಡುವೆ ಅರ್ರೆನ್ಯೂರಸ್, ಐಲೈಸ್, ಲಿಮ್ನೇಸಿಯಾ. ಸಿಹಿನೀರಿನ ಚಿಪ್ಪಿಗಳ ಕಿವಿರಿನೊಳಗೆ ಯೂನಿಯೊನಿಕೋಲಾ ವಾಸ ಮಾಡುತ್ತದೆ.

ಕರಾವಳಿಯಲ್ಲಿ ಜಾಗ ಆರಿಸುವಾಗ ಎಚ್ಚರ ಬೇಕು. ಕಾರವಾರದಲ್ಲಿ ಕಾಳಿ, ಕುಮಟಾದ ಗಜನಿ ಗದ್ದೆಗಳ ಬಳಿ ಅಘನಾಶಿನಿ, ಎರಡೂ ಉಬ್ಬರಕ್ಕೆ ಉಪ್ಪಾಗುತ್ತವೆ. ಅಲ್ಲಿ ಸಿಗುವ ನುಸಿ ಹಾಲಕಾರಿಡ್ ಎಂಬ ಸಮುದ್ರದ ಗುಂಪಿನದಾಗಿರಬಹುದು; ಸುಳ್ಳಲ್ಲ, ಆದರೆ ಈ ಪುಟದ ವಿಷಯವಲ್ಲ. ಜೇಬಿನ ವಿದ್ಯುದ್ವಾಹಕತೆ ಮೀಟರ್ ಒಯ್ಯಿರಿ. ಘಟ್ಟದ ತೊರೆ ಸಾಮಾನ್ಯವಾಗಿ ಸೆಂ.ಮೀ.ಗೆ 100 ಮೈಕ್ರೋಸೀಮನ್ಸ್‌ನ ಆಸುಪಾಸು ಅಥವಾ ಕಡಿಮೆ ತೋರಿಸುತ್ತದೆ, ಕಡಲ ನೀರು ಸುಮಾರು 50,000. ಸಾವಿರ ದಾಟಿದರೆ ಇಳಿತ ಉಬ್ಬರಗಳ ಹೊತ್ತನ್ನೂ ಬರೆದುಕೊಳ್ಳಿ.

ಯಾವ ಕಾಲ ಒಳ್ಳೆಯದು?

ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿಯವರೆಗೆ. ಆಷಾಢದ ನೆರೆಯಲ್ಲಿ ಹಳ್ಳಕ್ಕೆ ಇಳಿಯುವುದು ಅಪಾಯ, ಇಳಿದರೂ ಜಲ್ಲಿಯೇ ಉರುಳುತ್ತಿರುವಾಗ ನುಸಿ ಸಿಗದು. ಕದ್ರಾದಂಥ ಅಣೆಕಟ್ಟುಗಳ ಕೆಳಗೆ ಬೇಸಿಗೆಯಲ್ಲೂ ನೀರಿನ ಮಟ್ಟ ಏಕಾಏಕಿ ಏರುತ್ತದೆ, ಒಬ್ಬರೇ ಇಳಿಯಬೇಡಿ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಮದ್ದು ಹೊಡೆದ ತೋಟದ ಕೆಳಗಿನ ಹಳ್ಳದಲ್ಲಿ ಮಾದರಿ ತೆಗೆದರೆ ಆ ವಿಷಯ ಬರೆದಿಡಿ. ಬೋರ್ಡೋ ದ್ರಾವಣದ ತಾಮ್ರ ನೀರಿನ ಸಣ್ಣ ಜೀವಿಗಳಿಗೆ ವಿಷ. ನುಸಿ ಸಿಗಲಿಲ್ಲ ಎಂಬ ದಾಖಲೆಗೂ ಆಗ ಅರ್ಥ ಬರುತ್ತದೆ.

ಬಿರು ಬೇಸಿಗೆಯಲ್ಲಿ ಹಳ್ಳ ಒಣಗಿದರೂ ಕೆಲಸವಿದೆ. ಜಲ್ಲಿ ದಂಡೆಯಲ್ಲಿ ನೀರು ಒಸರುವವರೆಗೆ ಗುಂಡಿ ತೋಡಿ, ತುಂಬಿದ ನೀರನ್ನು ಚೊಂಬಿನಿಂದ ಎತ್ತಿ ಬಲೆಗೆ ಸುರಿಯಿರಿ. ನೆಲದಡಿಯ ಜಲ್ಲಿಯಲ್ಲಿ ಅಡಗಿದ ನುಸಿಗಳು ಸಿಗುತ್ತವೆ.

ಅನುಮತಿ ಬೇಕೇ?

ತೋಟದ ಅಬ್ಬಿಗೆ ತೋಟದವರ ಒಪ್ಪಿಗೆ ಸಾಕು. ಮೀಸಲು ಅರಣ್ಯ, ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದಂಥ ಕಡೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಂಶೋಧನೆಗೆ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಮಟ್ಟದಲ್ಲೇ ಅರ್ಜಿ. ತಿಂಗಳುಗಳ ಮೊದಲೇ ಹಾಕಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸುವುದು ಒಳ್ಳೆಯ ಪದ್ಧತಿ. ಮಾದರಿಯನ್ನಾಗಲಿ, ಅದರ ಡಿಎನ್‌ಎಯನ್ನಾಗಲಿ ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲು ನೋಡಿ. ಬೆಂಗಳೂರಿನಲ್ಲೇ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದಿಸುವುದು) ಮಾಡಿಸಬಹುದಾದಾಗ ಆ ತಲೆನೋವು ಏಕೆ?

ಯಾವ ಬಲೆ? ಹಿಡಿಯುವ ಕ್ರಮ ಹೇಗೆ?

ಬಲೆಯ ಕಣ್ಣು 250 ಮೈಕ್ರೋಮೀಟರ್ ಇರಲಿ. ಎಳೆಯ ನುಸಿಗಳೂ ಬೇಕೆಂದರೆ 100. ಸೊಳ್ಳೆಪರದೆಯ ಬಟ್ಟೆಯಿಂದ ಬಲೆ ಹೊಲಿಯುವವರಿದ್ದಾರೆ. ಅದರ ಕಣ್ಣು ಒಂದು ಮಿ.ಮೀ.ಗಿಂತ ದೊಡ್ಡದು, ನುಸಿಗಳು ತೂರಿ ಹೋಗುತ್ತವೆ, ಉಳಿಯುವುದು ಸಿಗಡಿ ಮರಿ ಮತ್ತು ದರಕು.

ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ ಹಿಡಿದು, ಅದರ ಮುಂದಿನ ಅರ್ಧ ಮೀಟರ್ ಜಾಗವನ್ನು ಕಾಲಿನಿಂದ ಎರಡು ನಿಮಿಷ ಕಲಕಿ. ದೊಡ್ಡ ಕಲ್ಲುಗಳನ್ನು ಬಲೆಯ ಬಾಯಿಗೆ ಹಿಡಿದು ಕೈಯಿಂದ ಉಜ್ಜಿ, ಇದ್ದಲ್ಲೇ ಇಡಿ. ಬಂದದ್ದನ್ನು ಬಿಳಿ ಟ್ರೇಗೆ ಹಾಕಿ, ಎರಡು ಬೆರಳು ಎತ್ತರ ಹಳ್ಳದ್ದೇ ನೀರು ಹೊಯ್ದು, ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಅವಸರದವರು ಇಲ್ಲೇ ಸೋಲುವುದು. ರಾಡಿ ತಳಕ್ಕೆ ಕೂತ ಮೇಲೆ ನುಸಿಗಳು ಹರಿದಾಡಲು ಶುರುಮಾಡುತ್ತವೆ, ಚಲನೆಯಿಂದಲೇ ಕಾಣುತ್ತವೆ. ಟ್ರೇಯನ್ನು ಬಿಸಿಲಿಗೆ ಇಡಬೇಡಿ. ಬೆಚ್ಚಗಾದ ನೀರಿನಲ್ಲಿ ತೊರೆಯ ನುಸಿಗಳು ಬೇಗ ಸಾಯುತ್ತವೆ.

ಪ್ಲಾಸ್ಟಿಕ್ ಡ್ರಾಪರಿನ ತುದಿಯನ್ನು ಓರೆಯಾಗಿ ಕತ್ತರಿಸಿ ಅಗಲ ಮಾಡಿಕೊಂಡು ಒಂದೊಂದಾಗಿ ಹೀರಿ ತೆಗೆಯಿರಿ. ಚಿಮುಟ ಬೇಡ, ಕಾಲು ಮುರಿಯುತ್ತದೆ. ಒಂದೇ ಬಗೆಯವು ಐದರಿಂದ ಹತ್ತು ಸಾಕು, ಗಂಡು ಹೆಣ್ಣು ಎರಡೂ ಇರಲಿ. ಮಂಚದಷ್ಟು ಅಗಲದ ಅಬ್ಬಿಯಲ್ಲಿ ಮೂರಕ್ಕೆ ನಿಲ್ಲಿಸಿ. ಜೀವಂತ ಇರುವಾಗಲೇ ಮೇಲಿನಿಂದ, ಕೆಳಗಿನಿಂದ ಫೋಟೋ ತೆಗೆಯಿರಿ. ಆಲ್ಕೋಹಾಲಿಗೆ ಬಿದ್ದ ಮೇಲೆ ಕೆಂಪು, ಹಸಿರು, ನೀಲಿ ಎಲ್ಲವೂ ಮಾಸಿ ಹಳದಿ ಬಿಳಿಯಾಗುತ್ತದೆ, ಆ ಬಣ್ಣ ಮತ್ತೆ ಯಾವ ಯಂತ್ರದಿಂದಲೂ ಬಾರದು.

ಯಾವ ಆಲ್ಕೋಹಾಲ್? ಸ್ಯಾನಿಟೈಸರ್ ನಡೆಯುತ್ತದೆಯೇ?

ಶೇ. 95-96ರ ಎಥನಾಲ್. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಹೆಚ್ಚು, ಜೊತೆಗೆ ಅಂಟು ಪದಾರ್ಥ. ಮರಗೆಲಸದ ಸ್ಪಿರಿಟ್ಟಿನಲ್ಲಿ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಫಾರ್ಮಲಿನ್‌ ಡಿಎನ್‌ಎಯನ್ನು ಕೆಡಿಸುತ್ತದೆ. ಎಥನಾಲ್ ಕೊಳ್ಳಲು ಅಬಕಾರಿ ಪರವಾನಗಿ ಬೇಕಾಗುವುದರಿಂದ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಜೊತೆ ಸೇರಿ ಕೆಲಸ ಮಾಡುವುದೇ ಸುಲಭ.

ನೀರುನುಸಿ ತಜ್ಞರು ನೂರು ವರ್ಷಗಳಿಂದ ಮೆಚ್ಚಿಕೊಂಡ ದ್ರವವೊಂದಿದೆ, ಕೋನಿಕೆ ದ್ರಾವಣ: ಗ್ಲಿಸರಿನ್, ಅಸಿಟಿಕ್ ಆಮ್ಲ, ನೀರು. ಅದರಲ್ಲಿ ಮೈ ಮೃದುವಾಗಿ, ಬಿಡಿಸಲು ಚೆನ್ನಾಗಿರುತ್ತದೆ. ಆದರೆ ಆಮ್ಲ ಡಿಎನ್‌ಎಯನ್ನು ಕತ್ತರಿಸಿ ಹಾಕುತ್ತದೆ. ಹಾಗಾಗಿ ಒಂದೇ ಬಗೆಯ ನುಸಿಗಳಲ್ಲಿ ಎರಡು ಮೂರನ್ನು ಕೋನಿಕೆಗೂ ಉಳಿದವನ್ನು ಎಥನಾಲಿಗೂ ಹಾಕಿ, ಎರಡು ಸೀಸೆಗೂ ಒಂದೇ ಸಂಖ್ಯೆಯ ಕೊಂಡಿ ಕೊಡಿ.

ನುಸಿಯ ಜೊತೆ ಹಳ್ಳದ ನೀರು ಸೀಸೆಗೆ ಹೋಗಿ ಎಥನಾಲ್ ತೆಳುವಾಗುತ್ತದೆ. ಅದೇ ದಿನ ಸಂಜೆ ಒಮ್ಮೆ, ಮರುದಿನ ಇನ್ನೊಮ್ಮೆ ಹೊಸದು ತುಂಬಿ. ಮೈನಸ್ 20 ಡಿಗ್ರಿಯ ಫ್ರೀಜರ್ ಇದ್ದರೆ ಸರಿ, ಇಲ್ಲದಿದ್ದರೆ ಮನೆಯ ಫ್ರಿಜ್. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೂ ಗಾಬರಿ ಬೇಡ, ಎಥನಾಲಿನಲ್ಲಿರುವ ನುಸಿ ತಡೆಯುತ್ತದೆ. ಕಾರವಾರದ ಏಪ್ರಿಲ್ ಬಿಸಿಲಿನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟದ್ದು ತಡೆಯುವುದಿಲ್ಲ.

ಚೀಟಿಯಲ್ಲಿ ಏನೇನು ಬರೆಯಬೇಕು?

ದಪ್ಪ ಕಾಗದ, ಪೆನ್ಸಿಲ್, ಚೀಟಿ ಸೀಸೆಯ ಒಳಗೆ. ಬಾಲ್‌ಪೆನ್ ಶಾಯಿ ಎಥನಾಲಿನಲ್ಲಿ ಕರಗುತ್ತದೆ, ಸೀಸೆಯ ಹೊರಗೆ ಮಾರ್ಕರಿನಿಂದ ಬರೆದದ್ದು ಒಂದು ಹನಿ ಚೆಲ್ಲಿದರೆ ಅಳಿಸುತ್ತದೆ.

ದಿನಾಂಕ, ಜಾಗ, ತಾಲೂಕು, ಅಕ್ಷಾಂಶ ರೇಖಾಂಶ, ಎತ್ತರ, ನೆಲೆಯ ಬಗೆ, ನೀರಿನ ಉಷ್ಣತೆ, ಹಿಡಿದ ವಿಧಾನ, ಹಿಡಿದವರ ಹೆಸರು. ಹೊಳೆಯ ಹೆಸರಿನಲ್ಲಿ ನಮ್ಮ ಜಿಲ್ಲೆ ಮೋಸ ಮಾಡುತ್ತದೆ: ಘಟ್ಟದ ಮೇಲೆ ಬೇಡ್ತಿ, ಕೆಳಗೆ ಅದೇ ಗಂಗಾವಳಿ. ಅಘನಾಶಿನಿ ಹೊಳೆಯೂ ಹೌದು, ಕುಮಟಾ ತಾಲೂಕಿನ ಊರೂ ಹೌದು. ‘ಅಘನಾಶಿನಿ’ ಎಂದಷ್ಟೇ ಬರೆದರೆ ಶಿರಸಿಯ ತಣ್ಣನೆ ತೊರೆಯೋ, ಕಡಲ ಬಾಯಿಯೋ ತಿಳಿಯದು. ಜಿಲ್ಲೆಯ ಹೆಸರನ್ನು ಇಂಗ್ಲಿಷಿನ ಎರಡಕ್ಷರಕ್ಕೆ ಇಳಿಸಬೇಡಿ, ಹೊರಗಿನವರು ಅದನ್ನು ಬ್ರಿಟನ್ ಎಂದೇ ಓದುತ್ತಾರೆ.

ಅಕ್ಷಾಂಶ ರೇಖಾಂಶವನ್ನು ದಶಮಾಂಶದಲ್ಲಿ, ಬಿಂದುವಿನ ನಂತರ ಐದು ಅಂಕಿ ಬರೆಯಿರಿ. ಐದನೇ ಅಂಕಿ ಎಂದರೆ ಸುಮಾರು ಒಂದು ಮೀಟರ್. ಶಿರಸಿ ಪೇಟೆಯ ಅಕ್ಷಾಂಶ 14 ಡಿಗ್ರಿ 37 ಮಿನಿಟು, ಅಂದರೆ 14.62. ಮಿನಿಟನ್ನೇ ದಶಮಾಂಶವೆಂದು ತಿಳಿದು 14.37 ಎಂದು ಬರೆದರೆ ನಿಮ್ಮ ನುಸಿ 28 ಕಿ.ಮೀ. ದಕ್ಷಿಣಕ್ಕೆ ಜಿಗಿದು ಸಿದ್ದಾಪುರದ ಪಕ್ಕಕ್ಕೆ ಬೀಳುತ್ತದೆ. ಎರಡೂ ಊರಿನಲ್ಲಿ ಹಳ್ಳ ಇರುವುದರಿಂದ ಯಾರಿಗೂ ಸಂಶಯ ಬಾರದು. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಮಾತ್ರ ಬೇಗ ಗೊತ್ತಾಗುತ್ತದೆ, ನುಸಿ ನಾರ್ವೆಯ ಉತ್ತರದ ಕಡಲಿನಲ್ಲಿ ತೇಲುತ್ತಿರುತ್ತದೆ.

ನುಸಿಯನ್ನು ಅರೆಯದೆ ಡಿಎನ್‌ಎ ತೆಗೆಯುವುದು ಹೇಗೆ?

ಅರೆಯುವುದು ಬೇಡವೇ ಬೇಡ. ಪ್ರೋಟೀನೇಸ್ ಕೆ ಎಂಬ ಕಿಣ್ವ ಒಳಗಿನ ಮಾಂಸವನ್ನು ಕರಗಿಸುತ್ತದೆ, ಹೊರಗಿನ ಕೈಟಿನ್ ಚಿಪ್ಪನ್ನು ಮುಟ್ಟುವುದಿಲ್ಲ. ಹಲಸಿನ ತೊಳೆ ತೆಗೆದ ಮೇಲೂ ಸಿಪ್ಪೆಯ ಮುಳ್ಳು ಎಣಿಸಬಹುದಲ್ಲ, ಹಾಗೆ.

ನುಸಿಯನ್ನು ಎಥನಾಲಿನಿಂದ ತೆಗೆದು, ಶುದ್ಧ ನೀರಿನಲ್ಲಿ ಕೆಲವು ನಿಮಿಷ ನೆನೆಸಿ. ಎಥನಾಲ್ ಉಳಿದರೆ ಕಿಣ್ವ ಸರಿಯಾಗಿ ಕೆಲಸ ಮಾಡದು. ಸೂಕ್ಷ್ಮದರ್ಶಕದಡಿ ತೀರಾ ಸಣ್ಣ ಕೀಟಸೂಜಿಯಿಂದ ಮೈಯ ಬದಿಯಲ್ಲಿ, ಬೆನ್ನಿನ ಮತ್ತು ಹೊಟ್ಟೆಯ ಫಲಕಗಳ ನಡುವಿನ ಮೆತ್ತನೆ ಜಾಗದಲ್ಲಿ, ಒಂದು ತೂತು ಮಾಡಿ. ಹೊಟ್ಟೆಯ ಕಡೆ ಚುಚ್ಚಿದರೆ ಜನನಾಂಗದ ಫಲಕ ಹಾಳಾಗುತ್ತದೆ, ಗುರುತಿಗೆ ಅದೇ ಮುಖ್ಯ. ಸೂಜಿಯನ್ನು ಪ್ರತಿ ನುಸಿಗೂ ಬ್ಲೀಚಿನಲ್ಲಿ ಅದ್ದಿ, ನೀರಿನಲ್ಲಿ ತೊಳೆದು ಬಳಸಿ.

ಅಂಗಾಂಶದಿಂದ ಡಿಎನ್‌ಎ ತೆಗೆಯುವ ಸಾಮಾನ್ಯ ಕಿಟ್ ಆದರೆ 180 ಮೈಕ್ರೋಲೀಟರ್ ಲೈಸಿಸ್ ಬಫರ್ (ಕೋಶ ಒಡೆಯುವ ದ್ರವ), 20 ಮೈಕ್ರೋಲೀಟರ್ ಪ್ರೋಟೀನೇಸ್ ಕೆ, 56 ಡಿಗ್ರಿ ಸೆಲ್ಸಿಯಸ್. ಟೊರೆಂಟಿಕೋಲಾ, ಅರ್ರೆನ್ಯೂರಸ್‌ಗಳಂಥ ಚಿಪ್ಪಿನವಕ್ಕೆ ಇಡೀ ರಾತ್ರಿ. ಐಲೈಸ್‌ನಂಥ ಮೆತ್ತನೆಯವನ್ನು ಎರಡು ಮೂರು ಗಂಟೆಗೊಮ್ಮೆ ನೋಡಿ, ಮೈ ಪಾರದರ್ಶಕವಾದ ಕೂಡಲೆ ನಿಲ್ಲಿಸಿ. ಬಿಟ್ಟರೆ ಫಲಕಗಳು ಬಿಡಿಬಿಡಿಯಾಗಿ ತೇಲುತ್ತವೆ. ಟ್ಯೂಬನ್ನು ಜೋರಾಗಿ ಅಲುಗಿಸುವ ಯಂತ್ರಕ್ಕೆ ಇಡಬೇಡಿ, ಕೈಯಿಂದ ಮೆಲ್ಲಗೆ ತಿರುಗಿಸಿದರೆ ಸಾಕು.

ಆಮೇಲೆ ದ್ರವವನ್ನಷ್ಟೇ ಬೇರೆ ಟ್ಯೂಬಿಗೆ ಹೀರಿ ಕಿಟ್‌ನ ಕ್ರಮದಲ್ಲಿ ಮುಂದುವರಿಸಿ. ಖಾಲಿ ಚಿಪ್ಪು ಗಾಜಿನಂತೆ ಪಾರದರ್ಶಕವಾಗಿ ಕಣ್ಣಿಗೆ ಬೀಳದಂತಾಗಿರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಇಟ್ಟು ಹುಡುಕಿ. ಪಿಪೆಟ್ಟಿನ ಜೊತೆ ಚಿಪ್ಪನ್ನೂ ಹೀರಿ ಕಿಟ್‌ನ ಸೋಸುವ ಕಾಲಮ್ಮಿಗೆ ಸುರಿಯುವುದು ತೀರಾ ಸಾಮಾನ್ಯ ಎಡವಟ್ಟು. ಕೊನೆಯಲ್ಲಿ ಡಿಎನ್‌ಎ ಇಳಿಸುವಾಗ ಕಿಟ್ ಹೇಳುವ 200 ಮೈಕ್ರೋಲೀಟರ್ ಹೆಚ್ಚಾಯಿತು, ಒಂದು ಮಿ.ಮೀ. ಪ್ರಾಣಿಯಲ್ಲಿ ಅಷ್ಟು ಡಿಎನ್‌ಎ ಎಲ್ಲಿಂದ? 30 ಮೈಕ್ರೋಲೀಟರಿನಂತೆ ಎರಡು ಸಲ ಹಾಕಿ, ಪ್ರತಿ ಸಲ ಐದು ನಿಮಿಷ ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ.

ಕಿಟ್‌ಗೆ ಹಣವಿಲ್ಲದಿದ್ದರೆ ಶೇ. 5ರ ಚೆಲೆಕ್ಸ್ ರಾಳ ಅಗ್ಗದ ದಾರಿ. ಪಿಸಿಆರ್ (ಬೇಕಾದ ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಆಗುತ್ತದೆ, ಆದರೆ ಆ ಡಿಎನ್‌ಎಯನ್ನು ವರ್ಷಗಟ್ಟಲೆ ಇಡುವ ನಂಬಿಕೆ ಬೇಡ.

ಪಿಸಿಆರ್ ಮಿಶ್ರಣ ಮತ್ತು ಉಷ್ಣತೆ?

ಪ್ರೈಮರ್ ಎಂದರೆ ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಂಡು. ಶುರುವಿಗೆ 1994ರ ಫೋಲ್ಮರ್ ಪ್ರೈಮರ್ ಜೋಡಿ, ಎಲ್‌ಸಿಒ 1490 ಮತ್ತು ಎಚ್‌ಸಿಒ 2198. 25 ಮೈಕ್ರೋಲೀಟರ್ ಕ್ರಿಯೆಗೆ: ಎರಡು ಪಟ್ಟು ಸಾಂದ್ರತೆಯ ಮಾಸ್ಟರ್ ಮಿಕ್ಸ್ (ಕಿಣ್ವ ಮತ್ತಿತರವು ಬೆರೆತ ಸಿದ್ಧ ದ್ರವ) 12.5, 10 ಮೈಕ್ರೋಮೋಲಾರ್ ಪ್ರೈಮರ್ ತಲಾ 1, ಡಿಎನ್‌ಎ 2, ನೀರು 8.5.

94 ಡಿಗ್ರಿಯಲ್ಲಿ 1 ನಿಮಿಷ. ಬಳಿಕ 5 ಸುತ್ತು: 94ರಲ್ಲಿ 40 ಸೆಕೆಂಡು, 45ರಲ್ಲಿ 40 ಸೆಕೆಂಡು, 72ರಲ್ಲಿ 1 ನಿಮಿಷ. ಅನಂತರ 35 ಸುತ್ತು: ಮಧ್ಯದ ಉಷ್ಣತೆ ಮಾತ್ರ 51. ಕೊನೆಗೆ 72ರಲ್ಲಿ 5 ನಿಮಿಷ. ಮೊದಲ ಐದು ಸುತ್ತಿನ ತಗ್ಗು ಉಷ್ಣತೆ, ಪೂರ್ತಿ ಹೊಂದದ ಪ್ರೈಮರ್ ಕೂಡ ಅಂಟಿಕೊಳ್ಳಲಿ ಎಂದು. ನಿಮ್ಮ ಮಾಸ್ಟರ್ ಮಿಕ್ಸ್ ಹಾಟ್ ಸ್ಟಾರ್ಟ್ (ಬಿಸಿಯಾದ ಮೇಲಷ್ಟೇ ಕೆಲಸ ಶುರುಮಾಡುವ ಬಗೆ) ಆಗಿದ್ದರೆ ಮೊದಲ ಹಂತದ ಸಮಯ ಅದರ ಡಬ್ಬಿಯ ಮೇಲೆ ಬರೆದಂತೆ.

ಪ್ರತಿ ಸಲವೂ ಡಿಎನ್‌ಎ ಇಲ್ಲದ ಒಂದು ಟ್ಯೂಬ್ ಇರಲೇಬೇಕು. ಶೇ. 1.5 ಅಗರೋಸ್ ಜೆಲ್‌ನಲ್ಲಿ ಸುಮಾರು 710 ಅಕ್ಷರದ ಬ್ಯಾಂಡ್ (ಡಿಎನ್‌ಎ ಸೇರಿದ ಗೆರೆ) ಬರಬೇಕು: 658 ಬಾರ್‌ಕೋಡ್, ಉಳಿದದ್ದು ಪ್ರೈಮರ್.

ಬ್ಯಾಂಡ್ ಬರಲೇ ಇಲ್ಲ. ಈಗ?

ನಮ್ಮ ಕಡೆಯ ಮಾದರಿಗಳಲ್ಲಿ ಮೊದಲು ಸಂಶಯ ಪಡಬೇಕಾದದ್ದು ದರಕಿನ ಕಷಾಯ. ಜಡ್ಡಿ ಮತ್ತು ಒರತೆಯ ಚಹಾ ಬಣ್ಣದ ನೀರಿನಲ್ಲಿ ಟ್ಯಾನಿನ್, ಹ್ಯೂಮಿಕ್ ಆಮ್ಲಗಳಿರುತ್ತವೆ, ಅವು ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿ. ಕಡಿಮೆ ಹಾಕಿದಾಗ ಬ್ಯಾಂಡ್ ಬಂದರೆ ಕಾರಣ ಅದೇ. ಬಿಎಸ್‌ಎ ಪ್ರೋಟೀನ್ ಸೇರಿಸಿದರೂ ಉಪಯೋಗವಾಗುತ್ತದೆ. ಇನ್ನು ಮುಂದೆ ನುಸಿಗಳನ್ನು ಎಥನಾಲಿಗೆ ಹಾಕುವ ಮೊದಲು ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ, ರೋಗದ ಬೇರೇ ಹೋಗುತ್ತದೆ.

ತೆಳು ಮಾಡಿದರೂ ಬಾರದಿದ್ದರೆ ಪ್ರೈಮರ್ ಹೊಂದುತ್ತಿಲ್ಲ ಎಂದುಕೊಳ್ಳಿ. ಫೋಲ್ಮರ್ ಜೋಡಿ ಎಲ್ಲ ನುಸಿಗೂ ಸಮನಾಗಿ ಅಂಟುವುದಿಲ್ಲ. ಫೋಲ್ಮರ್ ಮತ್ತು ಲೆಪ್ ಎಂಬ ಇನ್ನೊಂದು ಬಗೆಯ ಪ್ರೈಮರ್‌ಗಳನ್ನು ಬೆರೆಸಿದ ಮಿಶ್ರಣ ಪ್ರಯತ್ನಿಸಿ. ಡಿಎನ್‌ಎ ಹಳತಾಗಿ ತುಂಡಾಗಿದ್ದರೆ ಸಿಒಐ ಒಳಗಿನ 313 ಅಕ್ಷರದ ಚಿಕ್ಕ ತುಂಡಾದರೂ ಸಿಗುತ್ತದೆ; ಗುಂಪು ತಿಳಿಯಲು ಸಾಕು, ಹೊಸ ಪ್ರಭೇದದ ವಾದಕ್ಕೆ ಸಾಲದು. ಡಿಎನ್‌ಎ ಹಾಕದ ಟ್ಯೂಬಿನಲ್ಲೂ ಬ್ಯಾಂಡ್ ಬಂದರೆ ಆ ದಿನದ ಎಲ್ಲ ಫಲಿತಾಂಶವನ್ನೂ ಚೆಲ್ಲಿ, ನೀರು ಮತ್ತು ಪ್ರೈಮರ್ ಹೊಸದು ತೆಗೆಯಿರಿ. ‘ತೆಳು ಬ್ಯಾಂಡ್ ಅಷ್ಟೇ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಸೀಕ್ವೆನ್ಸ್ ಬಂತು, ಹೋಲಿಕೆ ಶೇ. 84 ಮಾತ್ರ. ಕೆಲಸ ಕೆಟ್ಟಿತೇ?

ಕೆಟ್ಟಿಲ್ಲ. 658ರಲ್ಲಿ ನೂರಕ್ಕೂ ಹೆಚ್ಚು ಅಕ್ಷರ ಬೇರೆ ಎಂದರೆ, ಹೋಲಿಸಲು ಹತ್ತಿರದವರು ಡೇಟಾಬೇಸಿನಲ್ಲಿ ಇಲ್ಲ ಎಂದು ಅರ್ಥ. ಇಲ್ಲಿನ ನುಸಿಗಳಿಗೆ ಇದೇ ಮಾಮೂಲು. ಡೇಟಾಬೇಸ್ ಕೊಡುವ ಹೋಲಿಕೆ ಪಟ್ಟಿಯ ಮೊದಲ ಹೆಸರನ್ನು ನಿಮ್ಮ ನುಸಿಗೆ ಅಂಟಿಸುವುದೊಂದು ಬಿಟ್ಟು ಏನು ಬೇಕಾದರೂ ಮಾಡಿ.

ಮೊದಲು ಸೀಕ್ವೆನ್ಸ್ ನಿಜವಾದದ್ದೇ ಎಂದು ನೋಡಿ. ಅದನ್ನು ಪ್ರೋಟೀನಿಗೆ ಅನುವಾದಿಸುವಾಗ ಅಕಶೇರುಕ ಮೈಟೊಕಾಂಡ್ರಿಯಾದ ಸಂಕೇತ ಪಟ್ಟಿ, ಅಂದರೆ 5ನೇ ಪಟ್ಟಿ ಆರಿಸಬೇಕು. ಮಾಮೂಲಿ ಪಟ್ಟಿ ಆರಿಸಿದರೆ ಟಿಜಿಎ ಎಂಬ ಮೂರಕ್ಷರ ‘ನಿಲ್ಲು’ ಎಂದು ಓದಿಸಿಕೊಳ್ಳುತ್ತದೆ, 5ನೇ ಪಟ್ಟಿಯಲ್ಲಿ ಅದು ಟ್ರಿಪ್ಟೋಫಾನ್. ಸರಿಯಾದ ಪಟ್ಟಿಯಲ್ಲೂ ಮಧ್ಯೆ ‘ನಿಲ್ಲು’ ಬಂದರೆ, ಅಥವಾ ಒಂದೆರಡು ಅಕ್ಷರ ಹೆಚ್ಚು ಕಡಿಮೆಯಾಗಿ ಓದು ಜಾರಿದರೆ, ನಿಮಗೆ ಸಿಕ್ಕಿದ್ದು ಕೋಶಕೇಂದ್ರಕ್ಕೆ ನಕಲಾದ ಸತ್ತ ಜೀನ್ ಇರಬಹುದು, ಅಥವಾ ಸೀಕ್ವೆನ್ಸಿಂಗ್ ಯಂತ್ರ ಕೊಟ್ಟ ಗ್ರಾಫ್ ಓದಿದ್ದು ತಪ್ಪಿರಬಹುದು. ಎರಡೂ ದಿಕ್ಕಿನಿಂದ ಓದಿಸಬೇಕು ಎನ್ನುವುದು ಇದಕ್ಕೇ.

ಶೇ. 99 ಹೋಲಿಕೆ ಬಂತು, ಆದರೆ ಕೈರೊನೊಮಿಡ್ ನೊಣಕ್ಕೆ!

ನುಸಿ ತಿಂದ ಊಟ, ಅಥವಾ ಮರಿಯಾದರೆ ಅಂಟಿಕೊಂಡಿದ್ದ ಕೀಟದ ರಸ. ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಎರಡು ಶಿಖರ ಕಂಡರೆ ಎರಡೂ ಡಿಎನ್‌ಎ ಬೆರೆತಿವೆ. ಹಿಡಿದ ನುಸಿಗಳನ್ನು ಒಂದೆರಡು ದಿನ ಆಹಾರವಿಲ್ಲದೆ, ಒಂದೊಂದನ್ನೇ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟರೆ ಹೊಟ್ಟೆ ಬಹಳಷ್ಟು ಖಾಲಿಯಾಗುತ್ತದೆ. ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿನ್ನಬಹುದು. ಹೋಲಿಕೆ ಮನುಷ್ಯನಿಗೆ ಬಂದರೆ ಕೈಗವಸು ಬದಲಿಸಿ.

ಶೇ. 2 ವ್ಯತ್ಯಾಸ ಬಂದರೆ ಬೇರೆ ಪ್ರಭೇದ ಎಂಬ ನಿಯಮ ಸರಿಯೇ?

ನಿಯಮವಲ್ಲ, ಕೈಮರ. ಶೇ. 2 ಎಂದರೆ 13 ಅಕ್ಷರ. ಒಂದೇ ಪ್ರಭೇದ ಕಾಳಿಯ ಕಣಿವೆಯಲ್ಲೂ ಶರಾವತಿಯ ಕಣಿವೆಯಲ್ಲೂ ಬೇರೆ ಬೇರೆಯಾಗಿ ಬಹುಕಾಲ ಬದುಕಿದ್ದರೆ ಅದಕ್ಕಿಂತ ಹೆಚ್ಚೂ ಬರಬಹುದು. ಸಿಒಐ ತಾಯಿಯ ಕಡೆಯಿಂದ ಮಾತ್ರ ಬರುವ ಜೀನ್, ಒಂದೇ ಸಾಕ್ಷಿ. ಗೆರೆಯ ಮೇಲೆ ನಿಂತ ಪ್ರಕರಣಗಳಲ್ಲಿ ಕೋಶಕೇಂದ್ರದ 28ಎಸ್ ಜೀನಿನ ತುಂಡನ್ನೂ ಓದಿಸಿ, ಜೊತೆಗೆ ಚಿಪ್ಪನ್ನು ಅಳೆಯಿರಿ. ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ಬರೆಯಲು ಧೈರ್ಯ ಬರುತ್ತದೆ.

ಉಳಿದ ಚಿಪ್ಪನ್ನು ಏನು ಮಾಡಬೇಕು?

ಗ್ಲಿಸರಿನ್‌ಗೆ ವರ್ಗಾಯಿಸಿ, ಬಾಯಿಯ ಭಾಗ ಮತ್ತು ಎರಡು ಪಾಲ್ಪ್‌ಗಳನ್ನು (ಬಾಯಿಯ ಪಕ್ಕದ ಗಂಟುಗಂಟಾದ ಅಂಗ) ಬಿಡಿಸಿ, ಬೆನ್ನು ಹೊಟ್ಟೆ ಫಲಕಗಳನ್ನು ಬೇರ್ಪಡಿಸಿ ಗ್ಲಿಸರಿನ್ ಜೆಲ್ಲಿಯಲ್ಲಿ ಸ್ಲೈಡ್ ಮಾಡಿ. ಪಾಲ್ಪಿನ ಐದು ಗಂಟುಗಳ ಉದ್ದ, ಜನನಾಂಗದ ಪಕ್ಕದ ಅಸೆಟಾಬುಲಾ ಬಟ್ಟಲುಗಳ ಸಂಖ್ಯೆ, ಕಾಲಿನ ಬುಡದ ಫಲಕಗಳ ಆಕಾರ, ಗುರುತು ನಿಲ್ಲುವುದು ಇವುಗಳ ಮೇಲೆ.

ಹೋಯರ್ ದ್ರಾವಣದಲ್ಲಿ ಮಾಡಿದ ಸ್ಲೈಡ್ ಬೇರೆ ಊರಿನಲ್ಲಿ ಚೆನ್ನ. ಕಾರವಾರದ ಜುಲೈ ಗಾಳಿಯಲ್ಲಿ ಅದು ತೇವ ಹೀರಿಕೊಂಡು ಮತ್ತೆ ಕರಗಿ, ನುಸಿ ಕವರ್‌ಸ್ಲಿಪ್ಪಿನ ಅಂಚಿಗೆ ಜಾರುತ್ತದೆ. ಬಳಸಲೇಬೇಕೆಂದರೆ 45-50 ಡಿಗ್ರಿಯಲ್ಲಿ ಎರಡು ವಾರವಾದರೂ ಒಣಗಿಸಿ, ಅಂಚಿಗೆ ಎರಡು ಪದರ ವಾರ್ನಿಶ್ ಹಚ್ಚಿ. ಉಗುರು ಬಣ್ಣವೂ ಆದೀತು.

ಹೆಸರು ಗೊತ್ತಾಗದ ನುಸಿಯನ್ನು ಹೇಗೆ, ಎಲ್ಲಿ ದಾಖಲಿಸುವುದು?

ಖಚಿತವಾದ ಮಟ್ಟದವರೆಗೆ ಮಾತ್ರ ಹೆಸರು ಬರೆದು, ಪಕ್ಕದಲ್ಲಿ ನಿಮ್ಮ ಮಾದರಿ ಸಂಖ್ಯೆ ಕೊಡಿ: ‘ಟೊರೆಂಟಿಕೋಲಾ ಪ್ರಭೇದ, ಶಿರಸಿ-07’ ಎಂಬಂತೆ. ಕುಲವೂ ಸಂಶಯವಿದ್ದರೆ ಕುಟುಂಬಕ್ಕೇ ನಿಲ್ಲಿಸಿ. ತಪ್ಪು ಹೆಸರು ಒಮ್ಮೆ ಡೇಟಾಬೇಸಿಗೆ ಸೇರಿದರೆ ಮುಂದಿನವರ ನುಸಿಗೂ ಅದೇ ಹೆಸರು ತಗಲುತ್ತದೆ.

ಬೋಲ್ಡ್ ಎಂಬ ಬಾರ್‌ಕೋಡ್ ಡೇಟಾಬೇಸ್ ತಾಣದಲ್ಲಿ ಮಾದರಿಯ ವಿವರ, ಫೋಟೋ, ಎರಡೂ ದಿಕ್ಕಿನ ಗ್ರಾಫ್ ಕಡತ, ಪ್ರೈಮರ್ ಹೆಸರು, ಚಿಪ್ಪು ಎಲ್ಲಿದೆ ಎಂಬುದು, ಎಲ್ಲವನ್ನೂ ಏರಿಸಿ. ಕನಿಷ್ಠ 500 ಅಕ್ಷರ ಇರಬೇಕು, ಓದಲಾಗದ ಅಕ್ಷರ ಶೇ. 1ಕ್ಕಿಂತ ಕಡಿಮೆ ಇರಬೇಕು. ತಾಣ ತಾನಾಗಿ ಹತ್ತಿರದ ಸೀಕ್ವೆನ್ಸ್‌ಗಳನ್ನು ಗುಂಪು ಮಾಡಿ ಒಂದು ಬಿನ್ ಸಂಖ್ಯೆ ಕೊಡುತ್ತದೆ. ಹೆಸರಿಲ್ಲದಿದ್ದರೂ ಆ ಸಂಖ್ಯೆಯಿಂದ ನಿಮ್ಮ ನುಸಿಯನ್ನು ಉಲ್ಲೇಖಿಸಬಹುದು. ಸೀಕ್ವೆನ್ಸ್‌ಗಳ ಇನ್ನೊಂದು ಡೇಟಾಬೇಸ್ ಜೆನ್‌ಬ್ಯಾಂಕಿಗೂ ಕಳಿಸಿ.

ನಿಜಕ್ಕೂ ಹೊಸ ಪ್ರಭೇದ ಎಂದಾದರೆ ಸಾಕ್ಷಿ ಮಾದರಿಯನ್ನು ಜೀವವೈವಿಧ್ಯ ಕಾಯ್ದೆಯಂತೆ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಟ್ಟು ತಿಳಿಸಬೇಕು. ಪ್ರಾಣಿಗಳಿಗೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯ ಅಂಥದ್ದು. ಮನೆಯ ಕಪಾಟಿನಲ್ಲಿಟ್ಟ ಸ್ಲೈಡ್ ಎರಡು ಮಳೆಗಾಲ ಕಂಡರೆ ಬೂಸಲು ಹಿಡಿಯುತ್ತದೆ.

ಲ್ಯಾಬ್ ಇಲ್ಲದ ಶಾಲೆಯವರು ಏನು ಮಾಡಬಹುದು?

ಡ್ರ್ಯಾಗನ್‌ಫ್ಲೈಗಳ ಹೊಟ್ಟೆಯ ಅಡಿಯ ಕೆಂಪು ಮಣಿಗಳನ್ನು ಮೊಬೈಲ್ ಫೋನಿನಲ್ಲಿ ಹತ್ತಿರದಿಂದ ತೆಗೆದು, ಎಷ್ಟು ಮಣಿ, ಯಾವ ಜಾತಿಯ ಕೀಟ, ಯಾವ ಕೆರೆ ಎಂದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಹಾಕಿ. ಬಲೆಯೂ ಬೇಡ, ಆಲ್ಕೋಹಾಲೂ ಬೇಡ. ಒಂದೇ ಕೆರೆಯನ್ನು ಪ್ರತಿ ತಿಂಗಳು ನೋಡಿದರೆ ಮಣಿಗಳು ಯಾವಾಗ ಬಂದವು, ಯಾವಾಗ ಉದುರಿದವು ಎಂಬ ಲೆಕ್ಕ ಸಿಗುತ್ತದೆ. ಆ ಕೆರೆಗೆ ಬಲೆ ಹಿಡಿದು ಬರುವವರಿಗೆ ಯಾವ ತಿಂಗಳು ಇಳಿಯಬೇಕೆಂದು ಮಕ್ಕಳ ಪಟ್ಟಿ ನೋಡಿ ತಿಳಿಯುತ್ತದೆ.